ಅಂಗನವಾಡಿಗೆ ಕಾಲುವೆ ನೀರು ನುಗ್ಗಿದ ದಿನ

ಕಕ್ಕೇರಾ ಕಡೆಯ ಹೊಲಗಳಿಗೆ ಕಾಲುವೆ ನೀರು ಬಂದು ಒಂದೆರಡು ವರ್ಷವಾಗಿತ್ತು. ನಾನು ಶಹಾಪುರದಿಂದ ಅಲ್ಲಿಯ ಒಂದು ಸಣ್ಣ ಹಳ್ಳಿಗೆ ಸೊಸೆಯಾಗಿ ಬಂದಿದ್ದೆ. ಅದೇ ವರ್ಷ ಊರಿನ ಅಂಗನವಾಡಿಯಲ್ಲಿ ಟೀಚರ್ ಕೆಲಸ ಸಿಕ್ಕಿತು. ತರಬೇತಿಯಲ್ಲಿ ಹಾಡು, ಆಟ, ಕಥೆ ಎಲ್ಲ ಕಲಿಸಿದ್ದರು. ಆದರೆ ಒಂದು ಮಗು ಅತ್ತರೆ ಕೋಣೆ ತುಂಬ ಎಲ್ಲವೂ ಅಳತೊಡಗುತ್ತವೆ, ಆಗ ಏನು ಮಾಡಬೇಕು ಎಂದು ಯಾರೂ ಹೇಳಿರಲಿಲ್ಲ. ಉಪ್ಪಿಟ್ಟು ತಿನ್ನುವಾಗ ಮಾತ್ರ ಸುಮ್ಮನಿರುತ್ತಿದ್ದವು.

ದೇವಮ್ಮ ಎಂಬ ನಾಲ್ಕು ವರ್ಷದ ಹುಡುಗಿ ಅಳುತ್ತಿರಲಿಲ್ಲ, ಆಡುತ್ತಲೂ ಇರಲಿಲ್ಲ. ಅವಳ ತಾಯಿ ಬೆಳಿಗ್ಗೆ ಭತ್ತದ ನಾಟಿಗೆ ಹೋಗುವಾಗ ಬಿಟ್ಟು ಹೋದರೆ, ಸಂಜೆಯವರೆಗೆ ಮೂಲೆಯಲ್ಲಿದ್ದ ಕಟ್ಟಿಗೆಯ ಪೆಟ್ಟಿಗೆಯ ಮೇಲೆ ಕುಳಿತಿರುತ್ತಿದ್ದಳು. ಎಷ್ಟು ಕರೆದರೂ ನನ್ನ ಹತ್ತಿರ ಬರುತ್ತಿರಲಿಲ್ಲ.

ನಮ್ಮ ಅಂಗನವಾಡಿ ಊರಾಚೆ ತಗ್ಗಿನಲ್ಲಿದ್ದ ಮಣ್ಣಿನ ಗೋಡೆಯ ಒಂದು ಹಳೆಯ ಕೋಣೆ. ಅದರ ಹಿಂದೆಯೇ ಹೊಲಗಳಿಗೆ ಹೋಗುವ ಮರಿಗಾಲುವೆ. ಒಂದು ದಿನ ಮಧ್ಯಾಹ್ನ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದೆ. ಹೊಸ್ತಿಲ ಮೇಲಿಂದ ಕೆಂಪು ನೀರು ಒಳಗೆ ಹರಿದು ಬಂತು. ಪಾತ್ರೆ ತೊಳೆಯಲು ಹೊರಗೆ ಹೋಗಿದ್ದ ಆಯಾ ಶರಣಮ್ಮ ಓಡಿ ಬಂದಳು. "ಕಾಲುವಿ ಒಡದೈತ್ರಿ ಟೀಚರ್. ಹುಡುಗರನ್ನ ಹೊರಗ ಕರ್ಕೊಂಡು ನಡೀರಿ" ಎಂದಳು.

ಮಕ್ಕಳಿಗೆ ಅದು ಹಬ್ಬ. ನೀರಿನಲ್ಲಿ ಕುಣಿಯತೊಡಗಿದರು. ನಾನು ಗಾಬರಿಯಿಂದ ಕೂಗಿದೆ. ಕೂಗಿದ್ದಕ್ಕೆ ಹೆದರಿ ಅರ್ಧ ಮಕ್ಕಳು ಅಳತೊಡಗಿದರು, ಉಳಿದವರು ಗೋಡೆಗೆ ಅಂಟಿಕೊಂಡರು. ನೀರು ಆಗಲೇ ಅವರ ಮೊಣಕಾಲಿಗೆ ಬಂದಿತ್ತು. ನನಗೆ ಅಳು ಬರುವುದೊಂದು ಬಾಕಿ. ಏನೂ ತೋಚದೆ, ದಿನಾ ಆಡಿಸುತ್ತಿದ್ದ ರೈಲಿನ ಆಟ ಶುರು ಮಾಡಿದೆ. ಸೆರಗನ್ನು ಉದ್ದಕ್ಕೆ ಬಿಟ್ಟು, ರೈಲು ಯಾದಗಿರಿಗೆ ಹೊರಟಿದೆ, ಎಲ್ಲರೂ ಹಿಡಿದುಕೊಳ್ಳಿ ಎಂದೆ. ಅವರಲ್ಲಿ ಹೆಚ್ಚಿನವರು ರೈಲು ನೋಡಿದವರೇ ಅಲ್ಲ. ಆದರೂ ಒಬ್ಬರ ಹಿಂದೆ ಒಬ್ಬರು ಅಂಗಿ ಹಿಡಿದು ನಿಂತರು. ತೀರ ಸಣ್ಣ ಕೂಸುಗಳೆರಡನ್ನು ಶರಣಮ್ಮ ಎತ್ತಿಕೊಂಡಳು.

ದಾರಿಗೆ ಹತ್ತುವ ಕಡೆ ನೀರು ಜೋರಾಗಿ ಹರಿಯುತ್ತಿತ್ತು. ಅಲ್ಲಿ ರೈಲು ನಿಂತುಬಿಟ್ಟಿತು. ಆಚೆ ದಂಡೆಯಲ್ಲಿ ಪರ ಊರಿನ ಕುರಿಗಾಹಿಯೊಬ್ಬ ಕುರಿ ಹೊಡೆದುಕೊಂಡು ಹೋಗುತ್ತಿದ್ದ. ನಮ್ಮನ್ನು ನೋಡಿದವನೇ ಕುರಿಗಳನ್ನು ಅಲ್ಲೇ ಬಿಟ್ಟು ನೀರಿಗಿಳಿದ.

"ಹೆದರಬ್ಯಾಡ್ರಿ ತಂಗಿ. ನಾ ಇಲ್ಲಿ ನಿಂದ್ರತೀನಿ, ಒಬ್ಬೊಬ್ಬರನ್ನ ಕೊಡ್ರಿ" ಎಂದ.

ಹಾಗೆಯೇ ಮಕ್ಕಳು ದಂಡೆ ಸೇರಿದರು. ತಲೆ ಎಣಿಸಿದೆ. ದೇವಮ್ಮ ಇರಲಿಲ್ಲ.

ಕೋಣೆಗೆ ಹೇಗೆ ಮರಳಿ ಹೋದೆನೋ ಗೊತ್ತಿಲ್ಲ. ಅವಳು ಅದೇ ಪೆಟ್ಟಿಗೆಯ ಮೇಲೆ ಕಾಲು ಮೇಲಕ್ಕೆಳೆದುಕೊಂಡು ಕುಳಿತಿದ್ದಳು. ಬಾ ಎಂದರೆ ತಲೆಯಾಡಿಸಿದಳು.

"ನಾ ಬರೂತನ ಇಲ್ಲೇ ಕುಂದ್ರು ಅಂದಾಳ ನಮ್ಮವ್ವ."

ಅಷ್ಟು ದಿನ ಅವಳು ಮೂಲೆ ಬಿಡದೆ ಇದ್ದದ್ದು ಯಾಕೆಂದು ನನಗೆ ಆಗ ತಿಳಿಯಿತು.

"ನಿಮ್ಮವ್ವನೇ ಕಳಿಸ್ಯಾಳ, ಕರ್ಕೊಂಡು ಬಾ ಅಂತ" ಎಂದು ಸುಳ್ಳು ಹೇಳಿದೆ. ಅವಳು ನನ್ನ ಮುಖವನ್ನೇ ಒಂದು ಕ್ಷಣ ನೋಡಿ ಎರಡೂ ಕೈ ಚಾಚಿದಳು. ಹೊರಗೆ ಸೊಂಟದ ಮಟ್ಟಕ್ಕೆ ಏರಿದ್ದ ನೀರಿನಲ್ಲಿ ಅವಳನ್ನು ಎತ್ತಿಕೊಂಡು ಬಂದೆ. ನಾವು ದಂಡೆ ಹತ್ತಿ ಸ್ವಲ್ಪ ಹೊತ್ತಿಗೆ ಕೋಣೆಯ ಹಿಂದಿನ ಗೋಡೆ ಕುಸಿಯಿತು.

ತಾಯಂದಿರು ಕೆಸರುಗಾಲಲ್ಲೇ ಓಡಿ ಬಂದರು. ಕುರಿಗಾಹಿಯನ್ನು ಊಟಕ್ಕೆ ಕರೆಯಬೇಕೆಂದು ತಿರುಗಿ ನೋಡುವಷ್ಟರಲ್ಲಿ ಅವನು ಚದುರಿದ ಕುರಿಗಳ ಹಿಂದೆ ದೂರ ಹೋಗಿದ್ದ. ಅವನ ಹೆಸರನ್ನೂ ಕೇಳಲಾಗಲಿಲ್ಲ.

ಮರುದಿನ ಗುಡಿಯ ಮುಂದಿನ ಬೇವಿನ ಮರದ ಕೆಳಗೆ ಚಾಪೆ ಹಾಸಿ ಕುಳಿತೆ. ಯಾರೂ ಮಕ್ಕಳನ್ನು ಕಳಿಸುವುದಿಲ್ಲ ಎಂದುಕೊಂಡಿದ್ದೆ. ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಬಂದವರೇ ಹೊಸ ಆಟ ತೆಗೆದರು. ಒಬ್ಬ ಹುಡುಗ ನೀರಾದ, ಇನ್ನೊಬ್ಬ ಕುರಿಗಾಹಿಯಾದ. ನಮ್ಮ ದೇವಮ್ಮ ಟವೆಲ್ ಹೆಗಲಿಗೆ ಹಾಕಿಕೊಂಡು ಮುಂದೆ ನಿಂತಳು. "ಎಲ್ಲರೂ ನನ್ನ ಸೆರಗು ಹಿಡ್ಕೋರಿ, ಬಿಡಬ್ಯಾಡ್ರಿ" ಎಂದಳು. ಅವಳು ಅಷ್ಟು ಜೋರಾಗಿ ಮಾತನಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಹಿಂದಿನ ರಾತ್ರಿಯಿಡೀ ನನಗೆ ನಿದ್ದೆ ಬಂದಿರಲಿಲ್ಲ. ನಾನು ಎಷ್ಟು ಹೆದರಿದ್ದೆ ಎಂಬುದು ಆ ಮಕ್ಕಳಲ್ಲಿ ಒಬ್ಬರಿಗೂ ಗೊತ್ತಾಗಿರಲಿಲ್ಲ. ಆಮೇಲೆ ಎಷ್ಟೋ ವರ್ಷ ಅದೇ ಕೆಲಸ ಮಾಡಿದೆ. ಅಂದು ಆ ಮರದ ಕೆಳಗೆ ಕುಳಿತು ಅವರ ಆಟ ನೋಡುವಾಗಲೇ ನಾನು ನಿಜವಾಗಿ ಟೀಚರ್ ಆದೆ ಎಂದು ಈಗಲೂ ಅನಿಸುತ್ತದೆ.