ಬೈಯುವ ಡಿಸ್ಕ್ ಡಾಕ್ಟರು

ಕೆಟ್ಟ ಹಾರ್ಡ್ ಡಿಸ್ಕಿನಿಂದ ಕಳೆದುಹೋದ ಫೋಟೋ, ವಿಡಿಯೋಗಳನ್ನು ಹೊರತೆಗೆಯುವ ನಮ್ಮ ಬೀದಿಯ ಡಿಸ್ಕ್ ಡಾಕ್ಟರಿಗೆ ಬೈಯದೆ ಕೈಯಾಡದು. “ಟಕ್ ಟಕ್ ಅಂತ ಅದು ನರಳ್ತಿದ್ರೂ ಮತ್ತೆ ಮತ್ತೆ ಆನ್ ಮಾಡಿದ್ರಲ್ಲ, ಕಾಲು ಮುರಿದವರನ್ನ ಓಡಿಸಿ ನೋಡ್ತೀರಾ?” ಎಂದು ಗುಡುಗುತ್ತಾರೆ. ಅವರ ಕೋಣೆಯಲ್ಲಿ ಫ್ಯಾನು ತಿರುಗುವಂತಿಲ್ಲ, ಬಂದವರು ಸೀನುವಂತಿಲ್ಲ. ಧೂಳಿನ ಕಣವೂ ಅಪ್ಪಣೆ ಕೇಳಿಯೇ ಒಳಗೆ ಬರಬೇಕು. ಕಂಡವರ ಫೋನಿಗೆಲ್ಲ ಇಣುಕುವ ಈ ನಾಚಿಕೆಗೆಟ್ಟ ಕಾಲದಲ್ಲಿ, ತಾವೇ ಹೊರತೆಗೆದದ್ದನ್ನು ಇವರು ಮಾತ್ರ ನೋಡುವುದಿಲ್ಲ. ಪರದೆಯನ್ನು ಗಿರಾಕಿಯತ್ತ ತಿರುಗಿಸಿ, ಅವರ ಮುಖ ನೋಡಿಯೇ ಕೆಲಸ ಆಯಿತೋ ಇಲ್ಲವೋ ಎಂದು ತಿಳಿಯುತ್ತಾರೆ. ಮೊನ್ನೆ, ತೀರಿಕೊಂಡ ಮಗಳ ವಿಡಿಯೋ ಇದೊಂದರಲ್ಲೇ ಇರುವುದೆಂದು ಡಿಸ್ಕ್ ತಂದಿದ್ದ ತಾಯಿ ಪರದೆ ಸವರುತ್ತ, “ನೀವೂ ನೋಡಿ ಅಣ್ಣಾ, ಹೇಗೆ ಕುಣೀತಾಳೆ!” ಎಂದರು. “ಕಾಣ್ತಿದಾಳಲ್ಲಮ್ಮ, ನಿಮ್ಮ ಮುಖದಲ್ಲೇ,” ಎಂದ ಡಾಕ್ಟರು ಅಂದು ಬೈಯುವುದನ್ನೇ ಮರೆತರು.