ಮಾರ್ಲಿಸ್ ಬೇಕು ಅಂದದ್ದು

ಡುಲೂತ್ ಊರಿನ ಗುಡ್ಡದ ಮೇಲೆ ಮನೆಯಿಲ್ಲದವರಿಗೆ ಆಸರೆಯಾಗಿರುವ ನಮ್ಮ ಬರ್ಚ್ ಹೌಸ್‌ನಲ್ಲಿ ಮಾರ್ಲಿಸ್ ಟಾರ್ಕೆಲ್ಸನ್ ಒಂದು ಲೋಟ ಕಾಫಿಯನ್ನಾದರೂ ಬಾಯಿಬಿಟ್ಟು ಕೇಳಿದ್ದನ್ನು ಯಾರೂ ಕಂಡಿರಲಿಲ್ಲ. ಕೊಟ್ಟರೆ, "ಅಯ್ಯೋ, ನನಗ್ಯಾಕೆ?" ಎನ್ನುವಳು. ಮತ್ತೆ ಕೊಟ್ಟರೆ, "ಬೇರೆಯವರಿಗೆ ಸಾಲ್ದೇ ಹೋದೀತು." ಮೂರನೆಯ ಸಲ ಲೋಟವನ್ನೇ ಮೂಗಿನ ಮುಂದೆ ಹಿಡಿದರೆ, "ಸರಿ, ಒಂದು ಗುಟುಕು" ಎಂದು ಪೂರ್ತಿ ಕುಡಿದು ಮುಗಿಸುವಳು. ಇದು ನಾಟಕವಲ್ಲ, ನಮ್ಮ ಕಡೆ ಎಲ್ಲರೂ ಹೀಗೆಯೇ. ಎರಡು ಸಲ ಬೇಡ ಎನ್ನದೆ ತಟ್ಟೆಗೆ ಕೈ ಹಾಕಿದವರು ಪರ ಊರಿನವರೆಂದೇ ಲೆಕ್ಕ. ಕೇಕಿನ ಕೊನೆಯ ತುಂಡನ್ನಂತೂ ಯಾರೂ ಪೂರ್ತಿ ಎತ್ತಿಕೊಳ್ಳುವುದಿಲ್ಲ. ಬಂದವರೆಲ್ಲ ಇದ್ದುದರಲ್ಲಿ ಅರ್ಧ ಕತ್ತರಿಸಿಕೊಂಡು ಹೋಗಿ, ಸಂಜೆಯ ಹೊತ್ತಿಗೆ ಉಳಿದದ್ದನ್ನು ನೋಡಲು ಕನ್ನಡಕ ಬೇಕಾಗುತ್ತದೆ.

ಮಾರ್ಲಿಸ್ ಶಾಲೆಯೊಂದರಲ್ಲಿ ಅಡುಗೆ ಮಾಡಿ ನಿವೃತ್ತಳಾದವಳು. ತೀರಿಹೋದ ಗಂಡನ ಚಳಿಕೋಟುಗಳನ್ನು ಕೊಟ್ಟು ಹೋಗಲೆಂದು ಒಂದು ದಿನ ಬರ್ಚ್ ಹೌಸ್‌ಗೆ ಬಂದಳು. ಅಡುಗೆಮನೆಯಲ್ಲಿ ಯಾರೋ ಸಿಪ್ಪೆಯ ಜೊತೆ ಅರ್ಧ ಆಲೂಗಡ್ಡೆಯನ್ನೂ ಹೆರೆದು ಎಸೆಯುತ್ತಿದ್ದರು. ನೋಡಲಾಗದೆ ಚಾಕು ಕಿತ್ತುಕೊಂಡಳು. ಗಂಡನ ಕೋಟು ಕೊಡಲು ಬಂದವಳು ತನ್ನ ಕೋಟನ್ನೂ ಬಿಚ್ಚಿ ಮೊಳೆಗೆ ತೂಗುಹಾಕಿದಳು. ಅಂದಿನಿಂದ ಆ ಮೊಳೆ ಅವಳದೇ.

ಈ ಮನೆಯ ಕೆಳಭಾಗದಲ್ಲಿ ಬೀದಿಯ ಪಾಲಾದವರಿಗೆ ರಾತ್ರಿ ಕಳೆಯಲು ಹಾಸಿಗೆಗಳಿವೆ. ಮೇಲಿನ ಅಂತಸ್ತಿನಲ್ಲಿ, ಬೀದಿಯಿಂದ ಎದ್ದುಬಂದವರಿಗೆ ಕಡಿಮೆ ಬಾಡಿಗೆಯ ಪುಟ್ಟ ಕೋಣೆಗಳು, ಬೀಗ ಕೀಲಿ ಸಮೇತ. ಅವುಗಳಲ್ಲೊಂದು ವರ್ಲಿನ್‌ನದು. ಬಂದರಿನಲ್ಲಿ ಅದಿರಿನ ಹಡಗುಗಳಿಗೆ ದುಡಿದು, ಬೆನ್ನು ಕೆಡಿಸಿಕೊಂಡು, ಕೊನೆಗೆ ಕಾರಿನಲ್ಲೇ ಮಲಗುತ್ತಿದ್ದ ಮನುಷ್ಯ. ಕೋಣೆ ಸಿಕ್ಕಿದ ಮೇಲೆ ಕೀಲಿಯನ್ನು ಕೊರಳಿಗೆ ಕಟ್ಟಿಕೊಂಡೇ ಸ್ನಾನ ಮಾಡುತ್ತಾನೆ. ಮಾರ್ಲಿಸ್‌ಳನ್ನು ಕಾಡಿಸುವುದು ತನ್ನ ಉದ್ಯೋಗವೆಂದು ಅವನೇ ತೀರ್ಮಾನಿಸಿಕೊಂಡಿದ್ದಾನೆ.

ಕಳೆದ ವರ್ಷ ಎಲೆ ಉದುರುವ ಕಾಲಕ್ಕೆ ಮನೆ ಬೆಚ್ಚಗಿಡುವ ಬಾಯ್ಲರ್ ಕೆಟ್ಟು ತಣ್ಣಗಾಯಿತು. ಇಂಥ ಸಂಸ್ಥೆಗಳಿಗೆ ನಗರಸಭೆ ವರ್ಷವರ್ಷವೂ ಕೊಡುವ ಅನುದಾನದಲ್ಲಿ ಅದರ ಖರ್ಚನ್ನೂ ಸೇರಿಸಿ ಕೇಳಿದ್ದೆವು. ಪೂರ್ತಿ ಸಿಗದಿದ್ದರೆ ಹಿಮ ಬೀಳುವ ಮೊದಲೇ ಮೇಲಂತಸ್ತು ಖಾಲಿ ಮಾಡಿಸಬೇಕು. ಕೇಳುವವರು ಬಹಳ, ಗಂಟು ಸಣ್ಣದು. ಅನುದಾನ ಹಂಚುವ ಸಮಿತಿಯ ಸಭೆಯಲ್ಲಿ ಮಾತಾಡಬೇಕಿದ್ದ ನಮ್ಮ ನಿರ್ದೇಶಕರು ಸಭೆಯ ದಿನವೇ ಜ್ವರ ಬಂದು ಮಲಗಿದರು. ಎಲ್ಲರೂ ಮಾರ್ಲಿಸ್ ಕಡೆ ನೋಡಿದೆವು.

"ಅಯ್ಯೋ, ನಾನ್ಯಾಕೆ?"

"ನೀನಲ್ದೆ ಇನ್ಯಾರು ಮಾರಾಯ್ತಿ? ನಾನು ಹೋದ್ರೆ ಜಗಳ ಆಡ್ಕೊಂಡು ಬರ್ತೀನಿ ಅಷ್ಟೆ" ಎಂದ ವರ್ಲಿನ್.

ಮೂರನೆಯ ಸಲಕ್ಕೆ ಒಪ್ಪಿದಳು.

ಸಮಿತಿಯ ಹೊಸ ಅಧ್ಯಕ್ಷೆ ಡೆನೀಸ್ ಕಾರ್ಬೋನೆ ನ್ಯೂಜೆರ್ಸಿಯಿಂದ ಬಂದು ನೆಲೆಸಿದವರು. ಆ ಕಡೆಯವರು ಬೇಕಾದರೆ ಬೇಕು, ಬೇಡವಾದರೆ ಬೇಡ ಎನ್ನುವ ಜನ. ಒಳ್ಳೆಯವರೇ, ಸ್ವಲ್ಪ ಅವಸರ. ಮಾರ್ಲಿಸ್ ಚೆನ್ನಾಗಿಯೇ ಮಾತಾಡಿದಳು. ಸ್ವಂತ ಬೀಗದ ಸದ್ದು ಕೇಳುವ ಆಸೆಗೆ ಸುಮ್ಮಸುಮ್ಮನೆ ಬಾಗಿಲು ಹಾಕಿ ತೆಗೆದು ಮಾಡುವವರ ಬಗ್ಗೆ ಹೇಳಿದಳು. ಅಧ್ಯಕ್ಷೆಯ ಕಣ್ಣೂ ಒದ್ದೆಯಾಯಿತು.

"ಹಾಗಾದ್ರೆ ನೀವು ಕೇಳಿದ್ದನ್ನ ಪೂರ್ತಿ ಕೊಟ್ಬಿಡೋಣ್ವಾ ಮಿಸೆಸ್ ಟಾರ್ಕೆಲ್ಸನ್?"

ಕೆಟ್ಟದ್ದು ಅಲ್ಲಿಯೇ. ಮಾರ್ಲಿಸ್‌ಳ ಬಾಯಿ ಅಭ್ಯಾಸಬಲದಿಂದ ತೆರೆಯಿತು.

"ಅಯ್ಯೋ, ಅಷ್ಟೆಲ್ಲ ಯಾಕೆ?"

"ಅಂದ್ರೆ? ಕಮ್ಮಿ ಕೊಟ್ರೂ ನಡೆಯುತ್ತಾ?"

"ಹೇಗೋ ಸುಧಾರಿಸ್ಕೋತೀವಿ ಬಿಡಿ. ಪಾಪ, ಬೇರೆಯವರಿಗೂ ಬೇಕಲ್ಲ."

"ಎಷ್ಟು ದೊಡ್ಡ ಮನಸ್ಸು ನಿಮ್ದು!" ಎಂದು ಅಧ್ಯಕ್ಷೆ ಪೆನ್ನು ಎತ್ತಿಕೊಂಡರು.

ಬೇಡಲು ಹೋದವಳು ಬೇಡ ಅಂದುಬಿಟ್ಟಳಲ್ಲ ಎಂದು ಜೊತೆಗೆ ಹೋಗಿದ್ದ ನಾವು ಬೆವೆತೆವು. ಮಾರ್ಲಿಸ್ ಮಾತ್ರ ಮೈಕಿನ ಮುಂದೆ ನಿಂತು ಮೂರನೆಯ ಪ್ರಶ್ನೆಗೆ ಕಾಯುತ್ತಿದ್ದಳು. ಅದು ಬರುವುದಿಲ್ಲವೆಂದು ಅವಳಿಗೆ ನಿಧಾನವಾಗಿ ಹೊಳೆಯತೊಡಗಿದಾಗ ಹಿಂದಿನ ಸಾಲಿನಿಂದ ವರ್ಲಿನ್ ಎದ್ದ.

"ಮೇಡಂ, ಬರೀಬೇಡಿ! ಇನ್ನೊಂದ್ಸಲ ಕೇಳಿ!"

"ನಿಮ್ಮ ಸರದಿ ಇನ್ನೂ ಬಂದಿಲ್ಲ, ಕೂತ್ಕೊಳ್ಳಿ."

"ನನ್ನ ಸರದಿ ಬರೋ ಹೊತ್ಗೆ ನನ್ನ ಕೋಣೆ ಹೋಗಿರುತ್ತೆ. ಈ ಹೆಂಗಸು ಎರಡು ಸಲ ಬೇಡ ಅನ್ನದೆ ನೀರೂ ಕುಡಿಯಲ್ಲ. ಎರಡೂ ಆಯ್ತು. ಮೂರನೇದು ಕೇಳಿ, ನಿಮ್ಮ ದಮ್ಮಯ್ಯ."

ಊರಿನವರೇ ಆದ ಉಳಿದ ಸದಸ್ಯರು ಮೇಜು ನೋಡುತ್ತ ತಲೆಯಾಡಿಸಿದರು. ವಿಷಯ ಅವರಿಗೆಲ್ಲ ಗೊತ್ತಿತ್ತು. ಮಧ್ಯೆ ಬಾಯಿ ಹಾಕಿದರೆ ಅಧ್ಯಕ್ಷೆಗೆ ಬೇಸರವಾದೀತೆಂದು ಸುಮ್ಮನಿದ್ದರು.

ಅಧ್ಯಕ್ಷೆ ಪೆನ್ನು ಕೆಳಗಿಟ್ಟರು. "ಸರಿ ತಾಯಿ. ಪೂರ್ತಿ ಬೇಕೋ, ಬೇಡ್ವೋ?"

"ನಿಮಗೇನೂ ತೊಂದ್ರೆ ಆಗಲ್ಲ ಅಂದ್ರೆ..."

"ಮಾರ್ಲಿಸ್" ಎಂದ ವರ್ಲಿನ್. ಈ ಸಲ ತಮಾಷೆಯಿರಲಿಲ್ಲ. ಅವನ ಕೈ ಕೊರಳಿನ ಕೀಲಿಯ ಮೇಲಿತ್ತು.

ಅವಳು ತಿರುಗಿ ಅದನ್ನು ನೋಡಿದಳು. ಕಿವಿಯವರೆಗೂ ಕೆಂಪಾದಳು.

"ಬೇಕು. ಪೂರ್ತಿ ಬೇಕು."

ಹೇಳಿದವಳೇ, ಚರ್ಚಿನಲ್ಲಿ ಕೆಟ್ಟ ಮಾತಾಡಿದವಳ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದಳು.

ಪೂರ್ತಿಯೇ ಸಿಕ್ಕಿತು. ಹಿಮಕ್ಕಿಂತ ಮುಂಚೆ ಹೊಸ ಬಾಯ್ಲರ್ ಬಂತು, ಮೇಲಂತಸ್ತಿನಲ್ಲಿ ಚಳಿಗಾಲವಿಡೀ ಬೀಗಗಳ ಸದ್ದು ಕೇಳುತ್ತಿತ್ತು. ಆದರೆ ಅಂದು ಸಭೆಯಿಂದ ಬಂದ ಕೂಡಲೇ ಅಡುಗೆಮನೆಯಲ್ಲಿ ಉಳಿದಿದ್ದ ಕೇಕಿನ ಕೊನೆಯ ತುಂಡನ್ನು ವರ್ಲಿನ್ ಅವಳ ಮುಂದಿಟ್ಟಿದ್ದ.

"ನೋಡು, ಒಂದೇ ಸಲ ಕೇಳೋದು. ಬೇಕಾ?"

ಮಾರ್ಲಿಸ್ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಬೇಕು" ಎಂದಳು.

ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅವಳು ಚಾಕು ತೆಗೆದುಕೊಂಡು, ನೀಟಾಗಿ ಅರ್ಧ ಕತ್ತರಿಸಿಕೊಂಡು, ಉಳಿದರ್ಧವನ್ನು ಮುಚ್ಚಿಟ್ಟಳು.