ರೆಕ್ಕೆಯೊಳಗಿನ ಸದ್ದು

ಶಕುನ, ಸೂಚನೆ ಎಂಬ ಮಾತು ಕೇಳಿದರೆ ನಾನು ನಗುತ್ತಿದ್ದೆ. ಈಗಲೂ ಅವನ್ನೆಲ್ಲ ನಂಬುತ್ತೇನೆಂದು ಹೇಳಲಾರೆ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ. ಯಾಕೆ ಬಿಟ್ಟೆ ಎಂಬುದನ್ನು ನಡೆದದ್ದು ನಡೆದ ಹಾಗೆ ಬರೆಯುತ್ತೇನೆ. ಉಪ್ಪು ಖಾರ ಹಚ್ಚುವ ಅಭ್ಯಾಸ ನನಗಿಲ್ಲ. ಓದಿ ನೀವು ನಕ್ಕರೂ ನನಗೆ ಬೇಸರವಿಲ್ಲ, ನಿಮ್ಮ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಅರವತ್ತರ ದಶಕದ ಮೊದಲ ವರ್ಷಗಳು. ಜಯನಗರದಲ್ಲಿ ಆಗ ಮನೆಗಳಿಗಿಂತ ನಿವೇಶನದ ಕಲ್ಲುಗಳೇ ಹೆಚ್ಚು. ನಮ್ಮದು ದಕ್ಷಿಣದ ಅಂಚಿನ ಮನೆ. ಹಿತ್ತಲ ಬಾಗಿಲು ತೆರೆದರೆ ಪುಟ್ಟೇನಹಳ್ಳಿ ಕೆರೆಯ ಕಡೆಗೆ ರಾಗಿ ಹೊಲ. ಈಗ ಜೆ.ಪಿ. ನಗರ ಎನ್ನುವುದೆಲ್ಲ ಆಗ ನಮ್ಮ ಪಾಲಿಗೆ ಬರೀ ಆಕಾಶ. ಮನೆಯಲ್ಲಿ ನಾನು ಮತ್ತು ನನ್ನ ತಾಯಿ ಇಬ್ಬರೇ. ಅಮ್ಮನಿಗೆ ಕಿವಿ ಕೇಳುವುದು ನಿಂತು ಆರೇಳು ವರ್ಷವಾಗಿತ್ತು. ಹಾಲಿನವಳು ಗೇಟಿನ ಸರಪಳಿಯನ್ನು ಎಷ್ಟು ಬಡಿದರೂ ನಾನೇ ಏಳಬೇಕು.

ಊರಾಚೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ನನಗೆ ಕೆಲಸ. ಅಲ್ಲಿ ಗ್ಲೈಡರ್ ಕಟ್ಟುತ್ತಿದ್ದರು. ಅಂದರೆ ಎಂಜಿನ್ ಇಲ್ಲದ, ಮರದ ವಿಮಾನ. ಅದನ್ನು ಉದ್ದನೆಯ ಹಗ್ಗ ಕಟ್ಟಿ ಯಂತ್ರದಿಂದ ರಭಸವಾಗಿ ಎಳೆದರೆ ಗಾಳಿಪಟದಂತೆ ಮೇಲೇಳುತ್ತದೆ. ಹಗ್ಗ ಕಳಚಿದ ಮೇಲೆ ಬಿಸಿಗಾಳಿ ಏಳುವ ಜಾಗ ಹುಡುಕಿಕೊಂಡು ಸುತ್ತಬೇಕು. ಆ ಜಾಗ ಎಲ್ಲಿದೆ ಎಂದು ತಿಳಿಯಲು ಹಾರಿಸುವವರು ಹದ್ದು, ಗರುಡಗಳನ್ನು ನೋಡುತ್ತಾರೆ. ಹಕ್ಕಿ ರೆಕ್ಕೆ ಬಡಿಯದೆ ಎಲ್ಲಿ ಸುತ್ತುತ್ತದೋ ಅಲ್ಲಿಗೆ ಹೋಗುತ್ತಾರೆ. ರೆಕ್ಕೆ ತಪಾಸಣೆ ನನ್ನ ಪಾಲಿನ ಕೆಲಸ. ಒಳಗಿನ ಮರದ ಪಕ್ಕೆಲುಬುಗಳನ್ನು ನೋಡಿ, ಉಪಕರಣಗಳನ್ನೆಲ್ಲ ಎಣಿಸಿ, ತೆಳು ಹಲಗೆಯ ಹೊದಿಕೆ ಮುಚ್ಚಿದ ಮೇಲೆ ನನ್ನ ಮುದ್ರೆ ಒತ್ತಬೇಕು. ನಾನು ಮುದ್ರೆ ಒತ್ತಿದ ರೆಕ್ಕೆಯನ್ನು ನಂಬಿ ಒಬ್ಬ ಮನುಷ್ಯ ಆಕಾಶಕ್ಕೆ ಹೋಗುತ್ತಾನೆ.

ಅಮ್ಮನಿಗೆ ರೆಕ್ಕೆಯೆಂದರೆ ಬೇರೆಯೇ. ಒಂದು ಕಾಲದಲ್ಲಿ ಬೆಟ್ಟಗಳಿಗೂ ರೆಕ್ಕೆ ಇದ್ದವಂತೆ, ಕಂಡಕಂಡಲ್ಲಿ ಹಾರಿ ಕೂತು ಊರು ಹಾಳು ಮಾಡುತ್ತಿದ್ದವಂತೆ, ದೇವರು ರೆಕ್ಕೆ ಕತ್ತರಿಸಿದ ಮೇಲೆ ಇದ್ದಲ್ಲೇ ಉಳಿದವಂತೆ. ಬನಶಂಕರಿ ಕಡೆಯ ಬಂಡೆಗಳನ್ನು ತೋರಿಸಿ ಇವೂ ಹಾಗೆ ಕೂತವೇ ಅನ್ನುತ್ತಿದ್ದಳು. ಅಷ್ಟು ಭಾರಕ್ಕೆ ಎಷ್ಟು ಅಗಲದ ರೆಕ್ಕೆ ಬೇಕಾದೀತೆಂದು ನಾನು ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದ್ದೆ. ಅವಳು ಆ ಕಾಗದವನ್ನು ಒಲೆ ಹೊತ್ತಿಸಲು ಇಟ್ಟುಕೊಂಡಳು.

ಆ ಶನಿವಾರ ಒಂದು ಹೊಸ ಗ್ಲೈಡರಿನ ಎಡ ರೆಕ್ಕೆಗೆ ಮುದ್ರೆ ಒತ್ತಿ ಬಂದಿದ್ದೆ. ಸೋಮವಾರ ಅದರ ಮೊದಲ ಹಾರಾಟ. ಹಾರಿಸುವವನು ಶ್ರೀಧರ, ಇಪ್ಪತ್ತೈದರ ತರುಣ. ನಮ್ಮ ಮನೆಯಲ್ಲಿ ಎಷ್ಟೋ ಸಲ ಊಟ ಮಾಡಿದವನು, ಅಮ್ಮನ ಹುಳಿಯನ್ನು ಹೊಗಳಿಯೇ ಎರಡನೆಯ ಸಲ ಬಡಿಸಿಕೊಳ್ಳುವವನು.

ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಅಮ್ಮ ಹಿತ್ತಲ ಮೆಟ್ಟಿಲ ಮೇಲೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ನಾನು ಪಕ್ಕದಲ್ಲೇ ಪೇಪರ್ ಓದುತ್ತಿದ್ದೆ. ಕೆರೆಯ ಕಡೆಯಿಂದ ಗರುಡ ಬಂತು. ಕೆಂಪು ಮೈ, ಬಿಳಿ ಕೊರಳು. ಭಾನುವಾರ ಗರುಡ ಕಂಡರೆ ಅಮ್ಮ ಕೆಲಸ ಬಿಟ್ಟು ಕೆನ್ನೆ ಬಡಿದುಕೊಂಡು ಕೈ ಮುಗಿಯುತ್ತಿದ್ದಳು. ಅಂದೂ ಮುಗಿದಳು. ಅದು ಎಂದಿಗಿಂತ ಕೆಳಗೆ, ನಮ್ಮ ತೆಂಗಿನ ಗಿಡದ ಮೇಲೇ ಸುತ್ತತೊಡಗಿತು.

ಆಗ ನನಗೆ ಆ ಸದ್ದು ಕೇಳಿಸಿತು. ಗರುಡ ಎಡಕ್ಕೆ ವಾಲಿದಾಗ ಏನೋ ಜಾರಿ ತಗುಲಿದ ಹಾಗೆ ಟಕ್ ಎಂದಿತು. ಸಮನಾದಾಗ ಅದೇ ವಸ್ತು ಹಿಂದಕ್ಕೆ ಜಾರಿ ಮತ್ತೆ ಟಕ್ ಎಂದಿತು. ಲೋಹ ಮರಕ್ಕೆ ತಗಲುವ ಸದ್ದು. ಹಕ್ಕಿಯ ಮೈಯಿಂದ ಅದು ಬರುವುದುಂಟೇ? ನಾಲ್ಕು ಸುತ್ತಿನಲ್ಲೂ ಕೇಳಿದೆ. ನನ್ನ ತಲೆ ಕೆಟ್ಟಿದೆ ಅಂದುಕೊಳ್ಳುತ್ತಿರುವಾಗ ಅಮ್ಮ ಆಕಾಶ ನೋಡುತ್ತಲೇ ಗಟ್ಟಿಯಾಗಿ ಹೇಳಿದಳು.

“ಅದರ ರೆಕ್ಕೇಲಿ ಏನೋ ಅಲ್ಲಾಡ್ತಿದೆ ಕಣೋ.”

ಏನದು ಎಂದು ಕೈಸನ್ನೆಯಲ್ಲಿ ಕೇಳಿದೆ. ಅವಳು ಅಕ್ಕಿಯನ್ನು ಒಂದು ಬದಿಗೆ ಸರಿಸಿ, ಸೊಂಟದಿಂದ ತನ್ನ ಎಲೆ ಅಡಿಕೆಯ ಸುಣ್ಣದ ಡಬ್ಬಿ ತೆಗೆದು ಮೊರದಲ್ಲಿಟ್ಟಳು. ಮೊರವನ್ನು ಈಚೆಗೂ ಆಚೆಗೂ ವಾಲಿಸಿದಳು. ಡಬ್ಬಿ ಜಾರಿ ಅಂಚಿಗೆ ತಗುಲಿತು. “ಹೀಗೆ,” ಅಂದಳು. ಗರುಡ ಹೊರಟುಹೋಗಿತ್ತು. ನನಗೆ ನೆನಪಾದದ್ದು ಶನಿವಾರ ಮುದ್ರೆ ಒತ್ತಿದ ಎಡ ರೆಕ್ಕೆ.

ಸೋಮವಾರ ಎಲ್ಲರಿಗಿಂತ ಮೊದಲು ಕಾರ್ಖಾನೆಗೆ ಹೋದೆ. ರೆಕ್ಕೆ ಕಟ್ಟಿದ್ದು ವೀರಾಚಾರ್ಯರು. ಕತ್ರಿಗುಪ್ಪೆಯಲ್ಲಿ ಗಾಡಿಯ ಚಕ್ರ ಮಾಡುತ್ತಿದ್ದ ಮನೆತನದವರು, ನನಗಿಂತ ಇಪ್ಪತ್ತು ವರ್ಷ ಹಿರಿಯರು. ಅವರು ಕೂಡಿಸಿದ ಕೀಲಿನಲ್ಲಿ ಕೂದಲು ತೂರುತ್ತಿರಲಿಲ್ಲ. ಎಡ ರೆಕ್ಕೆಯಲ್ಲಿ ಏನೋ ಉಳಿದಿರಬಹುದು ಎಂದಾಗ ಅವರು ನನ್ನನ್ನು ಗೋಡೆಯ ಹಲಗೆಯ ಬಳಿಗೆ ಕರೆದೊಯ್ದರು. ಅಲ್ಲಿ ಪ್ರತಿ ಉಪಕರಣದ ಆಕಾರವನ್ನೂ ಬಣ್ಣದಲ್ಲಿ ಬರೆದಿತ್ತು. ಉಳಿ, ಅರ, ಸುತ್ತಿಗೆ ಎಲ್ಲ ಅವುಗಳ ಜಾಗದಲ್ಲೇ ಇದ್ದವು. ಶನಿವಾರ ಎಣಿಸಿದವನು ನಾನೇ.

ನಾಲ್ಕು ಜನ ಸೇರಿ ರೆಕ್ಕೆಯನ್ನು ಎತ್ತಿ ಎರಡೂ ಕಡೆ ವಾಲಿಸಿದೆವು. ಕಿವಿಯಿಟ್ಟು ಕೇಳಿದೆ. ಯಾವ ಸದ್ದೂ ಇಲ್ಲ. ಆಚಾರ್ಯರು ಎದೆಯ ಮೇಲೆ ಕೈ ಕಟ್ಟಿ ನಿಂತರು. ಅಷ್ಟಕ್ಕೇ ಬಿಟ್ಟಿದ್ದರೆ ನನ್ನ ಮಾನವಾದರೂ ಉಳಿಯುತ್ತಿತ್ತು. ಮುಚ್ಚಿದ ಹೊದಿಕೆ ಕೊಯ್ಯುವುದೆಂದರೆ ಸಣ್ಣ ಮಾತಲ್ಲ, ಆಚಾರ್ಯರ ಕೈಗೆ ಅವಮಾನ, ನನ್ನ ಮುದ್ರೆಗೂ ಅವಮಾನ. ಒಳಗೆ ಏನೂ ಸಿಗದಿದ್ದರೆ ಕೆಲಸ ಹೋಗುವುದು ಖಂಡಿತ. ಕಾರಣ ಕೇಳಿದರೆ ಗರುಡ ಹೇಳಿತು, ಕಿವುಡಿ ತಾಯಿ ಕೇಳಿದಳು ಎನ್ನಲೇ? ಅಷ್ಟರಲ್ಲಿ ಹೊರಗೆ ಶ್ರೀಧರ ಸೈಕಲ್ಲಿಂದ ಇಳಿಯುವುದು ಕಾಣಿಸಿತು. ಏನೋ ಹಾಡು ಗುನುಗುತ್ತಿದ್ದ. ನಾನು ಗೋಡೆಯ ಸುಣ್ಣಕ್ಕೆ ಬೆರಳು ಒರೆಸಿ, ಗ್ಲೈಡರನ್ನು ಅತ್ತಿತ್ತ ವಾಲಿಸುವ, ರೆಕ್ಕೆಯ ತುದಿಯ ಪಟ್ಟಿಯನ್ನು ಆಡಿಸುವ ಸರಳು ಹಾದುಹೋಗುವ ಜಾಗದಲ್ಲಿ ಗುರುತು ಹಾಕಿದೆ. ಸಡಿಲ ವಸ್ತುವೊಂದು ಪ್ರಾಣ ತೆಗೆಯಬಹುದಾದರೆ ಅದು ಅಲ್ಲೇ.

“ಶನಿವಾರ ನಾನು ಸರಿಯಾಗಿ ನೋಡ್ಲಿಲ್ಲ ಆಚಾರ್ರೇ. ತಪ್ಪು ನಂದು. ಕೊಯ್ರಿ,” ಎಂದೆ. ಅದು ಸುಳ್ಳು. ಟಾರ್ಚ್ ಹಾಕಿ ಮೂಲೆ ಮೂಲೆ ನೋಡಿದ್ದೆ.

ಆಚಾರ್ಯರು ಸಣ್ಣ ಗರಗಸದಿಂದ ಅಂಗೈಯಗಲದ ಕಿಂಡಿ ಕೊಯ್ದರು. ಮುಖ ಬಿಗಿದುಕೊಂಡೇ ಕೈ ಒಳಗಿಟ್ಟರು. ಕಣ್ಣು ನೋಡುವ ಮೊದಲೇ ಅವರ ಬೆರಳಿಗೆ ಗೊತ್ತಾಗಿರಬೇಕು. ಎಳೆದು ಕಿತ್ತು ಹೊರತೆಗೆದದ್ದು ಒಂದು ಹಿತ್ತಾಳೆಯ ನಸ್ಯದ ಡಬ್ಬಿ. ಅವರದೇ. ರೆಕ್ಕೆಗೆ ಬಳಿಯುವ ವಾರ್ನಿಷ್ ಬೇಗ ಹೊತ್ತಿಕೊಳ್ಳುತ್ತದೆಂದು ನಮ್ಮಲ್ಲಿ ಬೀಡಿ ನಿಷಿದ್ಧ, ಹಾಗಾಗಿ ಅರ್ಧ ಕಾರ್ಖಾನೆ ನಸ್ಯ ಏರಿಸುತ್ತಿತ್ತು. ನಾನು ನೋಡಿ ಮುಗಿಸಿದ ಮೇಲೆ ಅವರು ಬಗ್ಗಿ ಅಂಟು ಬಳಿಯುವಾಗ ಜೇಬಿನಿಂದ ಜಾರಿತ್ತು. ನಸ್ಯದ ಡಬ್ಬಿಗೆ ಹಲಗೆಯ ಮೇಲೆ ಆಕಾರ ಬರೆದವರು ಯಾರೂ ಇಲ್ಲ.

“ಮನೇಲಿ ಮರ್ತು ಬಂದೆ ಅಂದ್ಕೊಂಡಿದ್ದೆ ಸಾರ್,” ಎಂದು ಆಚಾರ್ಯರು ಕೆಳಗೆ ಕೂತುಬಿಟ್ಟರು. “ಆ ಹುಡುಗನ್ನ ನಾನೇ ಕೊಲ್ತಿದ್ದೆ.”

ಡಬ್ಬಿಯ ತಳದಲ್ಲಿ ಒಣಗಿದ ಅಂಟು ಹತ್ತಿಕೊಂಡಿತ್ತು. ನನ್ನನ್ನು ಇಂದಿಗೂ ಕಾಡುವುದು ಈ ಅಂಟು. ಬಿದ್ದ ಡಬ್ಬಿ ಹಸಿ ಅಂಟಿನಲ್ಲಿ ಕೂತು ಅಲ್ಲೇ ಕಚ್ಚಿಕೊಂಡಿದೆ. ಅದಕ್ಕೇ ರೆಕ್ಕೆ ವಾಲಿಸಿದಾಗ ಸದ್ದಾಗಲಿಲ್ಲ. ಮೇಲೆ ಹೋಗಿ ನಾಲ್ಕು ಸಲ ಕುಲುಕಿದ ಮೇಲೆ ಕಿತ್ತುಕೊಂಡು ಜಾರಾಡುತ್ತಿತ್ತು, ಸರಳಿಗೆ ಸಿಕ್ಕಿಕೊಳ್ಳುತ್ತಿತ್ತು. ಎಂದರೆ ಭಾನುವಾರ ನಾವು ಕೇಳಿದ ಸದ್ದನ್ನು ಆ ಡಬ್ಬಿ ಅಲ್ಲಿಯವರೆಗೆ ಮಾಡಿಯೇ ಇರಲಿಲ್ಲ. ಶನಿವಾರ ನನ್ನ ಕಿವಿಗೆ ಏನೋ ಬಿದ್ದು ಮನಸ್ಸಿನಲ್ಲಿ ಉಳಿದಿರಬಹುದು ಎಂದು ಸಮಾಧಾನ ಹೇಳಿಕೊಳ್ಳಲೂ ದಾರಿಯಿಲ್ಲ. ಹೇಗೆ ಗೊತ್ತಾಯಿತೆಂದು ಆಚಾರ್ಯರು ನಿವೃತ್ತರಾಗುವವರೆಗೂ ಕೇಳಿದರು. ಸುಮ್ಮನೆ ಅನುಮಾನ ಬಂತು ಎನ್ನುತ್ತಿದ್ದೆ.

ಕಿಂಡಿಗೆ ತೇಪೆ ಹಾಕಿ, ಅಂಟು ಒಣಗಲು ಬಿಟ್ಟು, ಬುಧವಾರ ಹಾರಿಸಿದರು. ಹಗ್ಗ ಕಳಚಿದ ಮೇಲೆ ಗ್ಲೈಡರ್ ನಮ್ಮ ತಲೆಯ ಮೇಲೇ ಎಡಕ್ಕೆ ವಾಲಿ ಸುತ್ತಿತು. ನಾನೂ ಆಚಾರ್ಯರೂ ಕಿವಿಗೊಟ್ಟೆವು. ಗಾಳಿ ಸೀಳುವ ಸದ್ದು ಬಿಟ್ಟರೆ ಏನೂ ಇಲ್ಲ. ಅರ್ಧ ಗಂಟೆಯ ಮೇಲೆ ಶ್ರೀಧರ ಇಳಿದು ಬಂದು, ಎಡ ರೆಕ್ಕೆ ಹೇಳಿದ ಮಾತು ಕೇಳುತ್ತದೆ ಎಂದ, ಬಾಯಾರಿಕೆ ಎಂದು ನೀರು ಕೇಳಿದ. ನಾನು ಹುಲ್ಲಿನ ಮೇಲೆ ಕೂತು ಮಕ್ಕಳ ಹಾಗೆ ಅತ್ತೆ. ಅಷ್ಟು ಹಗುರಾದದ್ದು ನನ್ನ ಜೀವಮಾನದಲ್ಲಿ ಅದೊಂದೇ ದಿನ.

ಕಾರ್ಖಾನೆಯ ವಿಷಯ ಅಮ್ಮನಿಗೆ ನಾನು ಏನೂ ಹೇಳಿರಲಿಲ್ಲ. ಸಂಜೆ ಮನೆಗೆ ಹೋದಾಗ ಅವಳು ಅಡುಗೆಮನೆಯಲ್ಲಿದ್ದಳು. ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು.

“ಸದ್ದು ನಿಂತಿತೇನೋ?” ಎಂದಳು.

ನಿಂತಿತೆಂದು ತಲೆಯಾಡಿಸಿದೆ. ಅವಳು ಕೆನ್ನೆ ಬಡಿದುಕೊಂಡು, ಶ್ರೀಧರನನ್ನು ಭಾನುವಾರ ಊಟಕ್ಕೆ ಕರೆ ಎಂದು ಹೇಳಿ, ಸಾರಿಗೆ ಒಗ್ಗರಣೆ ಹಾಕಿದಳು.